ಹೊಟ್ಟು ಸಾಲುತ್ತಿಲ್ಲ, ಟ್ಯೂಬ್ ಸೋರುತ್ತಿದೆ: ರೈಸ್‌ಮಿಲ್ ಬಾಯ್ಲರಿಗೆ ಏನಾಗಿದೆ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮ ರೈಸ್‌ಮಿಲ್ ಇದೆ. ಸೋನಾ ಮಸೂರಿ ಸ್ಟೀಮ್ ಅಕ್ಕಿಯೇ ಹೆಚ್ಚು. ಗಂಟೆಗೆ 3 ಟನ್ ಸ್ಟೀಮ್ ಕೊಡುವ, ಹೊಟ್ಟಿನಿಂದ ಉರಿಯುವ ಬಾಯ್ಲರ್. ಕೆಲಸದ ಒತ್ತಡ ಚದರ ಸೆಂಟಿಮೀಟರಿಗೆ 10.5 ಕೆಜಿ. ಮೊದಲು ನಮ್ಮ ನೆಲ್ಲಿನ ಹೊಟ್ಟೇ ಸಾಕಾಗಿ, ಉಳಿದದ್ದನ್ನು ಇಟ್ಟಿಗೆ ಭಟ್ಟಿಯವರಿಗೆ ಮಾರುತ್ತಿದ್ದೆವು. ಈ ಬೇಸಿಗೆಯಿಂದ ಹೊರಗೆ ಹೊಟ್ಟು ಕೊಳ್ಳುವ ಹಾಗಾಗಿದೆ. ಚಿಮಣಿ ಹೊಗೆ ಕಪ್ಪಗಿದೆ. ಟ್ಯೂಬುಗಳ ಬುಡದಲ್ಲಿ ಎರಡು ಸಲ ಸೋರಿತು, ಫಿಟ್ಟರ್ ಬಂದು ಎಕ್ಸ್‌ಪ್ಯಾಂಡರ್ ಹಾಕಿ, ಟ್ಯೂಬಿನ ಬಾಯಿ ಹಿಗ್ಗಿಸಿ ಬಿಗಿ ಮಾಡಿ ಹೋದ. ಸೇಫ್ಟಿ ವಾಲ್ವ್ ಯಾವಾಗಲೂ ಸುಂಯ್ ಅನ್ನುತ್ತಿದ್ದುದಕ್ಕೆ ಆಪರೇಟರ್ ಅದರ ಬೋಲ್ಟ್ ಎರಡು ಸುತ್ತು ತಿರುಗಿಸಿದ್ದಾನೆ, ಈಗ ಸದ್ದಿಲ್ಲ. ಕಾಲುವೆ ನಿಂತ ಮೇಲೆ ಬೋರ್ ನೀರು ಬಳಸುತ್ತಿದ್ದೇವೆ, ದಿನಕ್ಕೆ ಸುಮಾರು 25,000 ಲೀಟರ್. 200 ಲೀಟರ್ ರೆಸಿನ್ (ನೀರಿನ ಗಡಸು ಹಿಡಿಯುವ ಸಣ್ಣ ಮಣಿಗಳು) ಇರುವ ಸಾಫ್ಟ್‌ನರ್ ಇದೆ, ಮೊದಲಿನಿಂದಲೂ ಮೂರು ದಿನಕ್ಕೊಮ್ಮೆ ಉಪ್ಪು ಹಾಕುತ್ತೇವೆ. ಬೋರ್ ನೀರಿನ ವರದಿಯಲ್ಲಿ ಗಡಸುತನ ಲೀಟರಿಗೆ 600 ಮಿಲಿಗ್ರಾಂ, ಟಿಡಿಎಸ್ (ಕರಗಿದ ಲವಣದ ಮೊತ್ತ) 1,100 ಇದೆ. ಕಾಲುವೆ ನೀರಿನ ಹಳೆಯ ವರದಿಯಲ್ಲಿ ಗಡಸುತನ 120 ಇತ್ತು. ಸಾಫ್ಟ್‌ನರ್ ದಾಟಿದ ನೀರಿಗೂ ಮೀಟರ್ 1,100 ತೋರಿಸುತ್ತದೆ, ಸಾಫ್ಟ್‌ನರ್ ಕೆಟ್ಟಿದೆಯೇ? ಒಬ್ಬರು ಪೈಪಿಗೆ ಮ್ಯಾಗ್ನೆಟ್ ಕಟ್ಟಿಸಿ ಅನ್ನುತ್ತಾರೆ, ಇನ್ನೊಬ್ಬರು ಆಸಿಡ್ ಹಾಕಿ ತೊಳೆಯಿರಿ ಅನ್ನುತ್ತಾರೆ. ಫಿಟ್ಟರ್ ಎಲ್ಲ ಟ್ಯೂಬ್ ಬದಲಿಸಿ ಅನ್ನುತ್ತಾನೆ. ಯಾರ ಮಾತು ಕೇಳುವುದು?

ಉತ್ತರ: ಹೊಟ್ಟಿನ ಲೆಕ್ಕ, ಟ್ಯೂಬಿನ ಲೆಕ್ಕ ಆಮೇಲೆ ನೋಡೋಣ. ಈ ಉತ್ತರ ಓದುವ ಹೊತ್ತಿಗೂ ಆ ಬಾಯ್ಲರ್ ಉರಿಯುತ್ತಿದ್ದರೆ ಹೊಟ್ಟಿನ ಫೀಡರ್ ನಿಲ್ಲಿಸಿ, ನಿಧಾನವಾಗಿ ಒತ್ತಡ ಇಳಿಯಲು ಬಿಡಿ. ಬೋಲ್ಟ್ ತಿರುಗಿಸಿದ ಸೇಫ್ಟಿ ವಾಲ್ವ್ ಈಗ ಎಷ್ಟು ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ತೆರೆಯದೆಯೂ ಇರಬಹುದು. ಅದನ್ನು ನೀವೇ ಎರಡು ಸುತ್ತು ಹಿಂದಕ್ಕೆ ತಿರುಗಿಸಿ ಸಮಾಧಾನಪಡಬೇಡಿ; ಸ್ಪ್ರಿಂಗ್ ಮೊದಲಿನ ಜಾಗಕ್ಕೆ ಬಂದಿದೆ ಎಂಬುದಕ್ಕೆ ಪುರಾವೆ ಇರುವುದಿಲ್ಲ. ವಾಲ್ವ್ ಬಿಚ್ಚಿಸಿ, ಸೀಟ್ ಲ್ಯಾಪಿಂಗ್ ಮಾಡಿಸಿ (ವಾಲ್ವ್ ಕೂರುವ ಮೈಯನ್ನು ನುಣುಪಾಗಿ ಉಜ್ಜಿಸಿ), ಪರೀಕ್ಷೆಯ ಬೆಂಚಿನಲ್ಲಿ ಸೆಟ್ ಮಾಡಿಸಿ, ಸೀಲ್ ಹಾಕಿಸಿಕೊಂಡೇ ಮತ್ತೆ ಕೂರಿಸಬೇಕು. ಎರಡನೇ ಸೇಫ್ಟಿ ವಾಲ್ವ್ ಇದ್ದರೆ ಅದನ್ನೂ ಜೊತೆಗೇ ಕಳಿಸಿ. ಪ್ರೆಶರ್ ಗೇಜನ್ನೂ ಕ್ಯಾಲಿಬ್ರೇಟ್ ಮಾಡಿಸಿ. ಗೇಜ್ ಕಡಿಮೆ ತೋರಿಸುತ್ತಿದ್ದರೆ ವಾಲ್ವ್ ಸುಮ್ಮನೆ ಸುಂಯ್ ಅನ್ನುತ್ತಿರಲಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 10.5 ಕೆಜಿ ಒತ್ತಡದಲ್ಲಿ ಬಾಯ್ಲರಿನ ಒಳಗಿನ ನೀರು ಸುಮಾರು 185 ಡಿಗ್ರಿಯಲ್ಲಿ ಇರುತ್ತದೆ. ಶೆಲ್ ಎಲ್ಲಾದರೂ ಸೀಳಿ ಒತ್ತಡ ಒಮ್ಮೆಲೇ ಬಿದ್ದರೆ ಆ ನೀರಿನ ಶೇಕಡಾ 15ಕ್ಕೂ ಹೆಚ್ಚು ಭಾಗ ಕ್ಷಣದಲ್ಲಿ ಸ್ಟೀಮ್ ಆಗುತ್ತದೆ. ಒಳಗೆ 5 ಟನ್ ನೀರಿದ್ದರೆ ಸುಮಾರು 800 ಕೆಜಿ ಸ್ಟೀಮ್, ಎಂದರೆ 1,300 ಘನ ಮೀಟರಿನಷ್ಟು. ಬಾಯ್ಲರ್ ಮನೆಯ ಗೋಡೆ, ಪಕ್ಕದ ಡ್ರೈಯರ್, ಅಂಗಳದಲ್ಲಿ ನೆಲ್ಲು ಹರವುತ್ತಿರುವ ಹೆಣ್ಣುಮಕ್ಕಳು, ಯಾರೂ ಅದರಿಂದ ದೂರದಲ್ಲಿಲ್ಲ.

ಸೇಫ್ಟಿ ವಾಲ್ವ್ ಸೋರಲು ಸಾಮಾನ್ಯ ಕಾರಣಗಳು ಎರಡು. ಬಾಯ್ಲರನ್ನು ವಾಲ್ವಿನ ಸೆಟ್ಟಿಂಗಿಗೆ ತೀರಾ ಹತ್ತಿರದ ಒತ್ತಡದಲ್ಲಿ ಓಡಿಸುವುದು ಒಂದು. ಸೀಟಿನ ಮೇಲೆ ಸ್ಕೇಲಿನ (ಗಡಸು ನೀರು ಕಾದಾಗ ಕಟ್ಟುವ ಗಟ್ಟಿ ಪದರದ) ಹರಳೋ ತುಕ್ಕಿನ ಚೂರೋ ಕುಳಿತಿರುವುದು ಇನ್ನೊಂದು. ಕಡಿಮೆ ಒತ್ತಡದಲ್ಲಿ ಲಿವರ್ ಎತ್ತಿ ಪರೀಕ್ಷೆ ಮಾಡಿದರೂ ಹೀಗಾಗುತ್ತದೆ, ಕಸ ಸೀಟಿನಲ್ಲೇ ಉಳಿಯುತ್ತದೆ. ಸೆಟ್ಟಿಂಗಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಒತ್ತಡ ಇದ್ದಾಗ ಮಾತ್ರ ಲಿವರ್ ಎತ್ತಬೇಕು.

ಇನ್ನು ನಿಮ್ಮ ಮೂಲ ಚಿಂತೆ. ಹೊಟ್ಟು, ಹೊಗೆ, ಸೋರಿಕೆ ಮೂರು ಬೇರೆ ಬೇರೆ ತೊಂದರೆ ಎಂದು ನಿಮಗೆ ಅನ್ನಿಸಿದೆ. ನೀವೇ ಕೊಟ್ಟ ಅಂಕಿಗಳನ್ನು ಜೋಡಿಸಿದರೆ ಮೂರಕ್ಕೂ ಬೇರು ಒಂದೇ ಕಾಣುತ್ತದೆ: ನೀರು ಬದಲಾಯಿತು, ಉಪ್ಪು ಹಾಕುವ ದಿನ ಬದಲಾಗಲಿಲ್ಲ.

ಲೆಕ್ಕ ಹೀಗಿದೆ. ಗಡಸು ತುಂಬಿದ ರೆಸಿನ್ ಮತ್ತೆ ಕೆಲಸ ಮಾಡಬೇಕಾದರೆ ಉಪ್ಪುನೀರಿನಿಂದ ತೊಳೆಯಬೇಕು. ಒಂದು ಲೀಟರ್ ರೆಸಿನ್ ಒಂದು ಸಲದ ಉಪ್ಪಿಗೆ ಸುಮಾರು 50 ಗ್ರಾಂ ಗಡಸನ್ನು ಹಿಡಿಯುತ್ತದೆ. ನಿಮ್ಮ 200 ಲೀಟರ್ ರೆಸಿನ್ ಹಿಡಿಯುವುದು 10 ಕೆಜಿ. ಗಡಸುತನ 120 ಇರುವ ಕಾಲುವೆ ನೀರಾದರೆ ಅಷ್ಟರಲ್ಲಿ 83,000 ಲೀಟರ್ ಮೆದುವಾಗುತ್ತದೆ. ದಿನಕ್ಕೆ 25,000 ಲೀಟರಿನಂತೆ ಮೂರು ದಿನ ಚೆನ್ನಾಗಿ ಸಾಗುತ್ತದೆ. ಯಾರೋ ಸರಿಯಾಗಿಯೇ ಲೆಕ್ಕ ಹಾಕಿ ಆ ಮೂರು ದಿನದ ಪದ್ಧತಿ ಮಾಡಿಕೊಟ್ಟಿದ್ದಾರೆ. ಗಡಸುತನ 600 ಇರುವ ಬೋರ್ ನೀರಿಗೆ ಅದೇ ರೆಸಿನ್ 16,700 ಲೀಟರಿಗೇ ಮುಗಿಯುತ್ತದೆ. ಅಂದರೆ ಉಪ್ಪು ಹಾಕಿದ ದಿನ ಸಂಜೆಗೇ ಸಾಫ್ಟ್‌ನರ್ ಕೈಚೆಲ್ಲಿರುತ್ತದೆ. ಉಳಿದ ಎರಡು ದಿನಕ್ಕೂ ಹೆಚ್ಚು ಹೊತ್ತು ಬೋರಿನ ಸವಳು ನೀರು ಹಾಗೆಯೇ ಬಾಯ್ಲರಿಗೆ ಹೋಗುತ್ತದೆ. ಮೂರು ದಿನದಲ್ಲಿ ಬರುವ ಗಡಸು 45 ಕೆಜಿ, ಸಾಫ್ಟ್‌ನರ್ ಹಿಡಿದದ್ದು 10 ಕೆಜಿ, ಬಾಯ್ಲರ್ ನುಂಗಿದ್ದು 35 ಕೆಜಿ. ದಿನಕ್ಕೆ ಹನ್ನೆರಡು ಕೆಜಿಯಷ್ಟು ಸುಣ್ಣ.

ಇದರಲ್ಲಿ ಬಹುಪಾಲು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಕಾಲು ಭಾಗವಷ್ಟೇ ಟ್ಯೂಬಿಗೆ ಅಂಟಿತು ಅಂದುಕೊಂಡರೂ, ಸುಮಾರು 100 ಚದರ ಮೀಟರ್ ಶಾಖ ಹಿಡಿಯುವ ಮೈ ಇರುವ ಇಂಥ ಬಾಯ್ಲರಿನಲ್ಲಿ ಮೂರು ತಿಂಗಳೊಳಗೆ ಸರಾಸರಿ ಒಂದು ಮಿಲಿಮೀಟರ್ ಪದರ ಕೂರುತ್ತದೆ. ಬೆಂಕಿ ಜೋರಾಗಿರುವ ಕಡೆ ಇನ್ನೂ ದಪ್ಪ. ಒಂದು ಮಿಲಿಮೀಟರ್ ಸ್ಕೇಲಿಗೆ ಇಂಧನ ಶೇಕಡಾ 5ರಿಂದ 8 ಹೆಚ್ಚು ಬೇಕು ಎಂಬುದು ನಮ್ಮ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಂದಾಜು.

ಅಷ್ಟಕ್ಕೇ ಹೊಟ್ಟು ಕೊಳ್ಳುವ ಪರಿಸ್ಥಿತಿ ಬಂತೇ ಎಂದು ಕೇಳಬಹುದು. ಒಂದು ಕೆಜಿ ಹೊಟ್ಟಿನಲ್ಲಿ 3,000ದಿಂದ 3,500 ಕಿಲೋಕ್ಯಾಲರಿ ಶಾಖ ಇರುತ್ತದೆ. ಶೇಕಡಾ 65 ದಕ್ಷತೆಯ ಬಾಯ್ಲರಿನಲ್ಲಿ ಅದರಿಂದ ಸುಮಾರು 3.3 ಕೆಜಿ ಸ್ಟೀಮ್ ಬರುತ್ತದೆ. ಗಂಟೆಗೆ ಎರಡೂವರೆ ಟನ್ ಸ್ಟೀಮಿಗೆ ಬೇಕಾದದ್ದು 760 ಕೆಜಿ ಹೊಟ್ಟು. ನೆಲ್ಲಿನ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟು. ಗಂಟೆಗೆ 4 ಟನ್ ನೆಲ್ಲು ಆಡುವ ಮಿಲ್ಲಿಗೆ 800 ಕೆಜಿ ಸಿಗುತ್ತದೆ. ಉಳಿತಾಯ ಇಷ್ಟು ತೆಳುವಾಗಿರುವಾಗ ದಕ್ಷತೆ ಸ್ವಲ್ಪ ಜಾರಿದರೂ ಮಾರುತ್ತಿದ್ದವರು ಕೊಳ್ಳುವವರಾಗುತ್ತಾರೆ. ನಿಮ್ಮ ಮಿಲ್ಲಿನ ಅಂಕಿ ಬೇರೆ ಇರಬಹುದು, ಆದರೆ ಈ ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ.

ಕಪ್ಪು ಹೊಗೆಯೂ ಇಲ್ಲಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಸ್ಟೀಮ್ ಸಾಲದಿದ್ದಾಗ ಆಪರೇಟರ್ ಫೀಡರ್ ವೇಗ ಹೆಚ್ಚಿಸುತ್ತಾನೆ, ಅದಕ್ಕೆ ತಕ್ಕ ಗಾಳಿ ಇರುವುದಿಲ್ಲ, ಹೊಟ್ಟು ಅರೆಬೆಂದು ಮಸಿಯಾಗಿ ಟ್ಯೂಬಿನ ಬೆಂಕಿಯ ಬದಿಗೆ ಹತ್ತುತ್ತದೆ, ಸ್ಟೀಮ್ ಇನ್ನೂ ಕಡಿಮೆಯಾಗುತ್ತದೆ, ಮತ್ತೆ ಫೀಡರ್ ಹೆಚ್ಚಿಸುತ್ತಾನೆ. ಬಯಲಲ್ಲಿ ಒಟ್ಟಿದ ಒದ್ದೆ ಹೊಟ್ಟು ಹಾಕಿದರೂ ಹೊಗೆ ಕಪ್ಪಾಗುತ್ತದೆ. ಹೊರಗಿಂದ ಕೊಂಡ ಹೊಟ್ಟನ್ನು ಹಿಡಿ ತೆಗೆದು ನೋಡಿ. ತಪ್ಪು ಮಸಿಯದೋ ಸ್ಕೇಲಿನದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಬಾಯ್ಲರ್ ಮತ್ತೆ ಹತ್ತಿಸುವ ಮೊದಲು ಎಲ್ಲ ಟ್ಯೂಬುಗಳಿಗೆ ಬ್ರಷ್ ಹೊಡೆಸಿ. ಮೊದಲ ದಿನವೇ, ಎಂದಿನ ಲೋಡಿನಲ್ಲಿ, ಹೊಗೆ ಬಾಯ್ಲರ್ ಬಿಡುವ ಕಡೆ ಥರ್ಮಾಮೀಟರ್ ನೋಡಿ. 200ರಿಂದ 230 ಡಿಗ್ರಿಯ ಆಸುಪಾಸು ಇದ್ದರೆ ತೊಂದರೆ ಮಸಿಯದಾಗಿತ್ತು. ಬ್ರಷ್ ಆದ ಮೇಲೂ 280–300 ಇದ್ದರೆ ಶಾಖವನ್ನು ತಡೆಯುತ್ತಿರುವುದು ನೀರಿನ ಬದಿಯ ಸ್ಕೇಲ್. ಪ್ರತಿ 22 ಡಿಗ್ರಿ ಏರಿಕೆಗೆ ಸುಮಾರು ಶೇಕಡಾ 1 ದಕ್ಷತೆ ಚಿಮಣಿಯಲ್ಲಿ ಹೋಗುತ್ತದೆ.

ಟ್ಯೂಬ್ ಬುಡದ ಸೋರಿಕೆಗೆ ಬರೋಣ. ಬೆಂಕಿಯ ಅನಿಲ ಟ್ಯೂಬಿನೊಳಗೆ ಹೊಗುವ ಕಡೆಯ ಟ್ಯೂಬ್ ಪ್ಲೇಟ್ (ಟ್ಯೂಬುಗಳ ಬುಡ ಕೂತಿರುವ ಉಕ್ಕಿನ ಹಲಗೆ) ಇಡೀ ಬಾಯ್ಲರಿನಲ್ಲೇ ಹೆಚ್ಚು ಬಿಸಿ ತಿನ್ನುವ ಜಾಗ. ಹಿಂದೆ ನೀರು ತಾಗುತ್ತಿದ್ದರೆ ಆ ಉಕ್ಕು ನೀರಿಗಿಂತ ಸ್ವಲ್ಪವೇ ಹೆಚ್ಚು ಬಿಸಿ ಇರುತ್ತದೆ. ನಡುವೆ ಸ್ಕೇಲ್ ಬಂದರೆ ಪ್ಲೇಟ್ ಕಾದು ಹಿಗ್ಗುತ್ತದೆ, ರಾತ್ರಿ ಬೆಂಕಿ ನಿಂತಾಗ ಕುಗ್ಗುತ್ತದೆ, ಬಿಗಿದ ಜಾಯಿಂಟ್ ಸಡಿಲಾಗುತ್ತದೆ. ಎಕ್ಸ್‌ಪ್ಯಾಂಡರ್ ಹಾಕಿದರೆ ಆ ಹೊತ್ತಿಗೆ ಸೋರಿಕೆ ನಿಲ್ಲುತ್ತದೆ ನಿಜ. ಆದರೆ ಪ್ರತಿ ಸಲವೂ ಟ್ಯೂಬಿನ ಗೋಡೆ ತೆಳುವಾಗುತ್ತದೆ, ಪ್ಲೇಟಿನ ತೂತು ಅಗಲವಾಗುತ್ತದೆ. ನನಗೆ ಹೆಚ್ಚು ಭಯವಿರುವುದು ತೂತು ತೂತಿನ ನಡುವೆ ಇರುವ ಪ್ಲೇಟಿನ ಸಣ್ಣ ಪಟ್ಟಿಯ ಬಗ್ಗೆ. ಅಲ್ಲಿ ಕೂದಲೆಳೆ ಬಿರುಕು ಬಿದ್ದಿದ್ದರೆ ಟ್ಯೂಬ್ ಬದಲಿಸಿದರೂ ಉಪಯೋಗವಿಲ್ಲ. ಟ್ಯೂಬಿಗೆ ಕೈ ಹಾಕುವ ಮೊದಲು ಆ ಜಾಗವನ್ನು ಉಜ್ಜಿ, ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿ. ಕೆಂಪು ಬಣ್ಣ ಬಳಿದು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಬಿರುಕು ಗೆರೆಯಾಗಿ ಎದ್ದು ಕಾಣುತ್ತದೆ.

ಒಂದು ಮಾತು ಫಿಟ್ಟರಿಗೂ ಹೇಳಿ. ಬಾಯ್ಲರಿನ ಒತ್ತಡದ ಭಾಗಕ್ಕೆ ವೆಲ್ಡಿಂಗ್, ಟ್ಯೂಬ್ ಬದಲಾವಣೆ ಮಾಡುವುದಕ್ಕೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯ ಮುಂಗಡ ಒಪ್ಪಿಗೆ ಬೇಕು. ಕೆಲಸ ಮಾಡುವವರು ಮಾನ್ಯತೆ ಪಡೆದ ರಿಪೇರಿದಾರರು ಮತ್ತು ಪ್ರಮಾಣಪತ್ರ ಇರುವ ವೆಲ್ಡರ್ ಆಗಿರಬೇಕು. 1923ರ ಬಾಯ್ಲರ್ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ ಬಂದಿದೆ, ಆದರೆ ಈ ನಿಯಮ ಹೋಗಿಲ್ಲ. ಇನ್‌ಸ್ಪೆಕ್ಟರ್‌ಗೆ ತಿಳಿಸಿದರೆ ಮಿಲ್ ಮುಚ್ಚಿಸುತ್ತಾರೆ ಎಂಬ ಹೆದರಿಕೆ ಈ ಭಾಗದ ಮಾಲೀಕರಲ್ಲಿ ಬಹಳ ಇದೆ. ಆ ಹೆದರಿಕೆಯಿಂದಲೇ ರಾತ್ರೋರಾತ್ರಿ ಬೆಸುಗೆ ಹಾಕಿಸುವುದು ನಡೆಯುತ್ತದೆ. ಒಪ್ಪಿಗೆ ಪಡೆದು ಮಾಡಿದ ರಿಪೇರಿಗೆ ಕೊನೆಯಲ್ಲಿ ತಣ್ಣೀರು ತುಂಬಿ ಒತ್ತಡ ಕೊಡುವ ಹೈಡ್ರಾಲಿಕ್ ಪರೀಕ್ಷೆ ಆಗುತ್ತದೆ; ತಣ್ಣೀರಿನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಸ್ಟೀಮಿನಲ್ಲಿ ಹೋದರೆ ಜೀವ ಹೋಗುತ್ತದೆ.

ಟಿಡಿಎಸ್ ಮೀಟರ್ ವಿಚಾರ. ನಿಮ್ಮ ಸಾಫ್ಟ್‌ನರ್ ಕೆಟ್ಟಿದೆ ಎಂದು ಆ ಮೀಟರ್ ಹೇಳುತ್ತಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಕರಗಿದ ಲವಣದ ಮೊತ್ತ ಹೆಚ್ಚೂಕಡಿಮೆ ಅಷ್ಟೇ ಉಳಿಯುತ್ತದೆ, ಆದ್ದರಿಂದ ಮೀಟರ್ ಎರಡೂ ಕಡೆ 1,100 ತೋರಿಸಲೇಬೇಕು. ಗಡಸುತನ ನೋಡಲು ಬೇರೆಯೇ ಕಿಟ್ ಬೇಕು: ಸಾಫ್ಟ್‌ನರ್ ದಾಟಿದ ನೀರಿಗೆ ಬಫರ್ ಹನಿ, ಆಮೇಲೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದಾಗ ನೀಲಿ ಬಂದರೆ ನೀರು ಮೆದು, ದ್ರಾಕ್ಷಿ ಕೆಂಪು ಬಂದರೆ ರೆಸಿನ್ ಮುಗಿದಿದೆ. ಒಂದು ನಿಮಿಷದ ಕೆಲಸ. ಬೋರ್ ನೀರು ಬಳಸುವ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಮಾಡಿಸಿ, ಬಣ್ಣವನ್ನು ಲಾಗ್ ಪುಸ್ತಕದಲ್ಲಿ ಬರೆಸಿ. ಬಾಯ್ಲರಿಗೆ ಹೋಗುವ ನೀರಿನ ಗಡಸುತನ 5 ಪಿಪಿಎಂ (ಲೀಟರಿಗೆ 5 ಮಿಲಿಗ್ರಾಂ) ಒಳಗೆ ಇರಬೇಕು.

ಮ್ಯಾಗ್ನೆಟ್ ಬೇಡ. ಅದು ನೀರಿನಿಂದ ಗಡಸನ್ನು ತೆಗೆಯುವುದಿಲ್ಲ. ಮಾರಲು ಬಂದವರ ಮುಂದೆಯೇ ಮ್ಯಾಗ್ನೆಟ್‌ಗೆ ಮೊದಲು, ಆಮೇಲೆ ಅದೇ ಬಣ್ಣದ ಪರೀಕ್ಷೆ ಮಾಡಿ, ಎರಡೂ ಕೆಂಪೇ ಬರುತ್ತದೆ.

ಆಸಿಡ್ ವಿಚಾರದಲ್ಲಿ ಪೂರ್ತಿ ಬೇಡ ಎನ್ನಲಾರೆ, ಅಂಗಡಿಯಿಂದ ಕ್ಯಾನ್ ತಂದು ಸುರಿಯುವುದು ಮಾತ್ರ ಬೇಡವೇ ಬೇಡ. ಇನ್‌ಹಿಬಿಟರ್ (ಉಕ್ಕನ್ನು ಕಾಯುವ ರಾಸಾಯನಿಕ) ಇಲ್ಲದ ಹೈಡ್ರೋಕ್ಲೋರಿಕ್ ಆಸಿಡ್ ಸ್ಕೇಲಿನ ಜೊತೆ ಉಕ್ಕನ್ನೂ ತಿನ್ನುತ್ತದೆ, ಹೊರಬರುವ ಹೈಡ್ರೋಜನ್‌ಗೆ ಒಂದು ಬೀಡಿಯ ಕಿಡಿ ಸಾಕು. ಸಲ್ಫ್ಯೂರಿಕ್ ಹಾಕಿದರೆ ಸುಣ್ಣ ಜಿಪ್ಸಮ್ ಆಗಿ ಇನ್ನೂ ಗಟ್ಟಿಯಾಗುತ್ತದೆ. ಮೊದಲು ಮ್ಯಾನ್‌ಹೋಲ್ ತೆಗೆದು ಸ್ಕೇಲಿನ ಒಂದು ಚೂರು ಕಿತ್ತು, ಗಾಜಿನ ಲೋಟದಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿ. ನೊರೆಯೆದ್ದು ಕರಗಿದರೆ ಅದು ಕಾರ್ಬೊನೇಟ್, ರಾಸಾಯನಿಕ ತೊಳೆತಕ್ಕೆ ಬಗ್ಗುತ್ತದೆ. ಸುಮ್ಮನೆ ಕುಳಿತಿದ್ದರೆ ಸಲ್ಫೇಟ್ ಅಥವಾ ಸಿಲಿಕಾ. ಅದಕ್ಕೆ ಆ ಆಸಿಡ್ ವ್ಯರ್ಥ. ಕಾರ್ಬೊನೇಟ್ ಆಗಿದ್ದರೆ ಅನುಭವ ಇರುವ ಕಂಪನಿಯಿಂದ ಇನ್‌ಹಿಬಿಟರ್ ಸೇರಿಸಿದ ಶೇಕಡಾ 5ರ ಆಸಿಡ್ ಅನ್ನು 50–60 ಡಿಗ್ರಿಯಲ್ಲಿ ಪಂಪಿನಿಂದ ಸುತ್ತಿಸಿ, ಅರ್ಧ ಗಂಟೆಗೊಮ್ಮೆ ತೀಕ್ಷ್ಣತೆ ಅಳೆದು, ಅದು ಇಳಿಯುವುದು ನಿಂತ ಕೂಡಲೇ ತೆಗೆದು, ಸೋಡಾ ಆ್ಯಶ್ ನೀರಿನಿಂದ ತೊಳೆಸಬೇಕು. ವೆಂಟ್ ತೆರೆದಿರಬೇಕು. ಇದರ ಅಪಾಯವೊಂದನ್ನು ಮೊದಲೇ ತಿಳಿದಿರಿ: ತೆಳುವಾದ ಟ್ಯೂಬಿನ ತೂತನ್ನು ಸ್ಕೇಲೇ ಮುಚ್ಚಿ ಹಿಡಿದಿದ್ದರೆ ತೊಳೆದ ಮೇಲೆ ಸೋರಲು ಶುರುವಾಗುತ್ತದೆ. ಅದು ತೊಳೆದವರ ತಪ್ಪಲ್ಲ, ಟ್ಯೂಬಿನ ನಿಜಸ್ಥಿತಿ. ಅದಕ್ಕೇ ಟ್ಯೂಬ್ ಬದಲಿಸುವ ತೀರ್ಮಾನವನ್ನು ತೊಳೆತ, ಬಿರುಕಿನ ಪರೀಕ್ಷೆ, ದಪ್ಪದ ಅಳತೆ ಮೂರೂ ಆದ ಮೇಲೆ ತೆಗೆದುಕೊಳ್ಳಿ. ನೀರು ಸರಿಪಡಿಸದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ಬೇಸಿಗೆಗೆ ಇದೇ ಪತ್ರ ಬರೆಯುತ್ತೀರಿ.

ನೀರನ್ನು ಸರಿಪಡಿಸುವ ದಾರಿಗಳಲ್ಲಿ ಅಗ್ಗದ್ದು ಈಗಿರುವ ಸಾಫ್ಟ್‌ನರಿಗೇ 15,000 ಲೀಟರಿಗೊಮ್ಮೆ ಉಪ್ಪು ಕೊಡುವುದು. ದಿನದ ಮೇಲೆ ಲೆಕ್ಕ ಇಡಬೇಡಿ, ವಾಟರ್ ಮೀಟರ್ ಕೂರಿಸಿ ಲೀಟರ್ ಮೇಲೆ ಇಡಿ. ಪ್ರತಿ ಸಲ ಹತ್ತು–ಹದಿನೈದು ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಹರಿಸುವ ಬ್ಯಾಕ್‌ವಾಷ್, 25ರಿಂದ 30 ಕೆಜಿ ಉಪ್ಪನ್ನು 250–300 ಲೀಟರ್ ನೀರಿನಲ್ಲಿ ಕರಗಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಿಧಾನ ಹರಿಸುವುದು, ಆಮೇಲೆ ಬಣ್ಣ ನೀಲಿ ಬರುವವರೆಗೆ ತೊಳೆಯುವುದು. ಅವಸರದಲ್ಲಿ ಹತ್ತು ನಿಮಿಷದಲ್ಲಿ ಉಪ್ಪುನೀರು ಓಡಿಸಿದರೆ ಉಪ್ಪು ಚರಂಡಿಗೆ ಹೋಗುತ್ತದೆ, ರೆಸಿನ್ ಹಸಿದೇ ಇರುತ್ತದೆ. ದಿನಕ್ಕೆ ಎರಡು ಸಲ ಇದನ್ನು ಮಾಡುವ ತಾಳ್ಮೆ ಆಪರೇಟರಿಗೆ ಎಷ್ಟು ದಿನ ಇರುತ್ತದೆ ಎಂಬುದೇ ಇದರ ಅಪಾಯ. 500 ಲೀಟರ್ ರೆಸಿನ್ನಿನ ಸಾಫ್ಟ್‌ನರ್ ಆದರೆ 41,000 ಲೀಟರ್ ಬರುತ್ತದೆ, ದಿನಕ್ಕೊಮ್ಮೆ ರಾತ್ರಿ ಮಾಡಿದರೆ ಸಾಕು.

ಆದರೆ ಸಾಫ್ಟ್‌ನರ್ ಎಷ್ಟೇ ದೊಡ್ಡದಾದರೂ ಟಿಡಿಎಸ್ ಹಾಗೇ ಉಳಿಯುತ್ತದೆ. ಬಾಯ್ಲರಿನೊಳಗೆ ಟಿಡಿಎಸ್ 3,500 ದಾಟಿದರೆ ನೀರು ನೊರೆಯೆದ್ದು ಸ್ಟೀಮಿನ ಜೊತೆ ಹೋಗುತ್ತದೆ. 1,100ರ ನೀರನ್ನು ಆ ಮಿತಿಯೊಳಗೆ ಇಡಲು ಮಾಡಿದ ಸ್ಟೀಮಿನ ಶೇಕಡಾ 45ರಷ್ಟು ನೀರನ್ನು ಬ್ಲೋಡೌನ್ ಮಾಡಬೇಕು (ಲವಣ ತುಂಬಿದ ನೀರನ್ನು ಹೊರಗೆ ಹರಿಸಬೇಕು), ಅದರ ಶಾಖಕ್ಕೇ ಶೇಕಡಾ 11ರಷ್ಟು ಹೊಟ್ಟು ಹೋಗುತ್ತದೆ. ಹೊಟ್ಟು ಉಳಿಸಲೆಂದು ಬ್ಲೋಡೌನ್ ನಿಲ್ಲಿಸಿದವರ ಬಾಯ್ಲರಿನಲ್ಲಿ ಕೆಸರು ತುಂಬಿ ಲೆವೆಲ್ ಕಂಟ್ರೋಲಿನ ಫ್ಲೋಟ್ ಚೇಂಬರ್ ಕಟ್ಟಿಕೊಳ್ಳುತ್ತದೆ. ನೀರು ಕಡಿಮೆಯಾದರೂ ಅಲಾರಂ ಕೂಗುವುದಿಲ್ಲ. ಗೇಜ್ ಗ್ಲಾಸ್ ಮತ್ತು ಫ್ಲೋಟ್ ಚೇಂಬರನ್ನು ಪ್ರತಿ ಪಾಳಿಯಲ್ಲೂ ಬ್ಲೋ ಮಾಡಲೇಬೇಕು. ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಹೊಟ್ಟು ಮತ್ತು ಬೆಂಕಿಗೆ ಗಾಳಿ ಊದುವ ಎಫ್‌ಡಿ ಫ್ಯಾನ್ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, ತಾನಾಗಿ ತಣಿಯಲು ಬಿಡಿ. ಆಗ ಬಾಯ್ಲರಿಗೆ ನೀರು ತುಂಬಿಸುವುದೇ ಅತಿ ದೊಡ್ಡ ತಪ್ಪು.

ಬ್ಲೋಡೌನ್ ತಗ್ಗಿಸಲೆಂದೇ ನಾನು ನಿಮಗೆ ಮೊದಲು ಹೇಳುವ ಖರ್ಚು ಡ್ರೈಯರಿನ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ವಾಪಸ್ ತರುವ ಪೈಪ್. ನೆಲ್ಲು ಬೇಯಿಸುವ ಟ್ಯಾಂಕಿಗೆ ಹೋದ ಸ್ಟೀಮ್ ನೆಲ್ಲಿನಲ್ಲೇ ಹೋಯಿತು, ಅದರ ನೀರು ಕೊಳಕು, ತರಬೇಡಿ. ಡ್ರೈಯರ್ ಕಾಯಿಲ್‌ಗೆ ಹೋದ ಸ್ಟೀಮ್ ಗಡಸಿಲ್ಲದ, ಲವಣವಿಲ್ಲದ, 90 ಡಿಗ್ರಿಯ ನೀರಾಗಿ ಹೊರಬರುತ್ತದೆ. ಹಲವು ಮಿಲ್ಲುಗಳಲ್ಲಿ ಅದು ಚರಂಡಿಗೆ ಹರಿಯುತ್ತದೆ. ಒಟ್ಟು ನೀರಿನ ಅರ್ಧದಷ್ಟು ಇದು ಸಿಕ್ಕರೂ ಫೀಡ್ ನೀರಿನ ಟಿಡಿಎಸ್ 550ಕ್ಕೆ ಇಳಿಯುತ್ತದೆ, ಬ್ಲೋಡೌನ್ ಶೇಕಡಾ 19ಕ್ಕೆ ಬರುತ್ತದೆ, ಸಾಫ್ಟ್‌ನರ್ ಹೊರೆ ಅರ್ಧವಾಗುತ್ತದೆ. ಫೀಡ್ ಟ್ಯಾಂಕಿನ ನೀರು 30ರಿಂದ 60 ಡಿಗ್ರಿಗೆ ಏರಿದರೆ ಇನ್ನೂ ಶೇಕಡಾ 5 ಹೊಟ್ಟು ಉಳಿಯುತ್ತದೆ. ಎರಡು ಎಚ್ಚರಿಕೆ: ಬಿಸಿ ನೀರಿಗೆ ಪಂಪ್ ಕಲ್ಲು ಆಡಿಸಿದಂತೆ ಸದ್ದು ಮಾಡಿ ಕೆಡುತ್ತದೆ, ಟ್ಯಾಂಕನ್ನು ಪಂಪಿಗಿಂತ ಮೂರು–ನಾಲ್ಕು ಮೀಟರ್ ಎತ್ತರಕ್ಕೆ ಕೂರಿಸಿ. ಕಂಡೆನ್ಸೇಟನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪಿನ ಬೈಪಾಸ್ ವಾಲ್ವ್ ಬೇಗ ಕಾಯಲಿ ಎಂದು ಯಾರಾದರೂ ತೆರೆದಿಟ್ಟಿದ್ದರೆ ಮುಚ್ಚಿಸಿ, ಅಲ್ಲಿ ಹೋಗುತ್ತಿರುವುದು ಕಂಡೆನ್ಸೇಟ್ ಅಲ್ಲ, ಇನ್ನೂ ಬಳಕೆಯಾಗದ ಸ್ಟೀಮ್.

ಆರ್‌ಒ ಹಾಕಿದರೆ ಟಿಡಿಎಸ್ ನೂರರ ಒಳಗೆ ಬರುತ್ತದೆ, ಬ್ಲೋಡೌನ್ ಬಹುತೇಕ ಇಲ್ಲವಾಗುತ್ತದೆ. ಬೋರ್ ನೀರಿನ ಮೂರನೇ ಒಂದು ಭಾಗವೋ ಇನ್ನೂ ಹೆಚ್ಚೋ ರಿಜೆಕ್ಟ್ ಆಗಿ ಹೋಗುತ್ತದೆ. ಬೇಸಿಗೆಯಲ್ಲಿ ಬೋರ್ ಸೊರಗುವ ಜಾಗದಲ್ಲಿ ಅದು ಕಷ್ಟ, ಆ ನೀರನ್ನು ಗದ್ದೆಗೆ ಬಿಟ್ಟರೆ ಮಣ್ಣು ಸವಳಾಗುತ್ತದೆ. ಕಂಡೆನ್ಸೇಟ್ ತಂದ ಮೇಲೆ ಉಳಿದ ನೀರಿಗೆ ಎಷ್ಟು ಬೇಕೋ ಅಷ್ಟೇ ಗಾತ್ರದ ಆರ್‌ಒ ತೆಗೆದುಕೊಳ್ಳಿ.

ಜಾಗ ಇದ್ದರೆ ಕಾಲುವೆ ನೀರನ್ನೇ ಹೊಂಡದಲ್ಲಿ ಹಿಡಿದಿಡುವ ದಾರಿಯೂ ಇದೆ. ಕಂಡೆನ್ಸೇಟ್ ಬಂದ ಮೇಲೆ ದಿನಕ್ಕೆ 12,500 ಲೀಟರ್ ಸಾಕು ಎಂದುಕೊಂಡರೆ ಮೂರು ತಿಂಗಳಿಗೆ 1,125 ಘನ ಮೀಟರ್. ಪ್ಲಾಸ್ಟಿಕ್ ಹಾಳೆ ಹಾಸಿದ ಸರಾಸರಿ 20 ಮೀಟರ್ ಉದ್ದ, 20 ಮೀಟರ್ ಅಗಲ, 4 ಮೀಟರ್ ಆಳದ ಹೊಂಡ ಆವಿಯಾಗುವುದನ್ನೂ ಸೇರಿಸಿ ಅದಕ್ಕೆ ಸಾಕಾಗುತ್ತದೆ. ಸುತ್ತ ಬೇಲಿ ಕಟ್ಟಿಸಿ. ನೀರಾವರಿ ಇಲಾಖೆಯ ಅನುಮತಿ ಇಲ್ಲದೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಎತ್ತಬೇಡಿ. ಮಳೆಗಾಲದ ಕೆಂಪು ನೀರು ನೇರ ಸಾಫ್ಟ್‌ನರಿಗೆ ಹೋದರೆ ರೆಸಿನ್ ಮಣ್ಣು ಕಟ್ಟಿಕೊಳ್ಳುತ್ತದೆ, ಮೊದಲು ಸ್ಯಾಂಡ್ ಫಿಲ್ಟರ್ ಬೇಕು.

ಈಗ ಮಾಡುವ ಕೆಲಸದ ಸಾಲು ಇಷ್ಟು: ಬಾಯ್ಲರ್ ತಣಿಸಿ, ಸೇಫ್ಟಿ ವಾಲ್ವ್ ಮತ್ತು ಗೇಜ್ ಕಳಿಸಿ, ಇಲಾಖೆಗೆ ತಿಳಿಸಿ, ಮ್ಯಾನ್‌ಹೋಲ್ ತೆಗೆಸಿ. ಒಳಗೆ ಜನ ಇಳಿಯುವ ಮೊದಲು ಫ್ಯಾನ್, ಫೀಡರ್, ಫೀಡ್ ಪಂಪ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ಒಳಗೆ ಇಳಿಯುವವನ ಜೇಬಿನಲ್ಲೇ ಇರಲಿ. ಬ್ಲೋವರ್‌ನಿಂದ ಗಾಳಿ ಆಡಿಸಿ, 24 ವೋಲ್ಟ್ ದೀಪ ಕೊಡಿ, ಹೊರಗೆ ಒಬ್ಬ ಕಾವಲು ನಿಲ್ಲಲಿ. ಬೂದಿ ಗುಂಡಿಯ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ಹೊಟ್ಟಿನ ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಎರಡು ಮೂರು ದಿನ ಕೆಂಡ ಹಿಡಿದಿರುತ್ತದೆ.